ವೈದ್ಯಕೀಯ ವ್ಯಾಸಂಗದೊಡನೆ ಸೈನಿಕ ಶಿಕ್ಷಣ: ಒಂದು ವಿವೇಚನೆ

ವೈದ್ಯನಾಗಬೇಕೆಂಬ ಹಂಬಲವೂ ಸೈನ್ಯದ ಸಮವಸ್ತ್ರವನ್ನು ಧರಿಸಬೇಕೆಂಬ ಹಂಬಲವೂ ಒಂದೇ ಎಳೆಯ ಮನಸ್ಸಿನಲ್ಲಿ ಒಟ್ಟಿಗೆ ಮೊಳೆಯುವುದು ವಿರಳವಲ್ಲ. ಹೈಸ್ಕೂಲಿನ ಮೈದಾನದಲ್ಲಿ ಗಣರಾಜ್ಯೋತ್ಸವದ ಕವಾಯತಿಗೆ ಮುಂದಾಳಾಗಿ ನಿಲ್ಲುವ ವಿದ್ಯಾರ್ಥಿಯೇ ಅನೇಕ ವೇಳೆ ವಿಜ್ಞಾನದಲ್ಲಿಯೂ ಮುಂದಿರುತ್ತಾನೆ. ಅಂಥವನು ಬಂದು ಕೇಳಿದಾಗ "ಎರಡನ್ನೂ ಮಾಡಪ್ಪಾ, ದೇಶಸೇವೆಯೂ ಆಯಿತು, ಜನಸೇವೆಯೂ ಆಯಿತು" ಎಂದು ಬೆನ್ನು ತಟ್ಟಿ ಕಳಿಸುವುದು ಉಪಾಧ್ಯಾಯರಾದ ನಮಗೆ ಸುಲಭ. ಆದರೆ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆ ಎರಡಕ್ಕೂ ಎಡೆ ಮಾಡಿಕೊಳ್ಳಬೇಕಾದವನು ಅವನು. ಈ ಎರಡು ಶಿಕ್ಷಣಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕಾದಾಡುತ್ತವೆ, ನಮ್ಮ ದೇಶದ ಸಂಸ್ಥೆಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಉತ್ತರ ಕನ್ನಡ ಜಿಲ್ಲೆಯ ನಮಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಕಾರವಾರದಲ್ಲಿ 2005ರಲ್ಲಿ ಕದಂಬ ನೌಕಾನೆಲೆ ಸೇವೆಗೆ ಸಮರ್ಪಿತವಾಯಿತು. ಅದರೊಡನೆ ಪತಂಜಲಿ ಎಂಬ ಹೆಸರಿನ ನೌಕಾ ಆಸ್ಪತ್ರೆಯೂ ಬಂದಿತು. 2016ರಲ್ಲಿ ಅದೇ ಊರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2020ರ ವಸಂತದಲ್ಲಿ ಕೋವಿಡ್ ಸೋಂಕು ಜಿಲ್ಲೆಯೊಳಗೆ ಮೊದಲು ತಲೆದೋರಿದ್ದು ಭಟ್ಕಳದ ಕಡೆ. ಆ ಮೊದಲ ರೋಗಿಗಳನ್ನು ಒಯ್ದು ಉಪಚರಿಸಿದ್ದು ಪತಂಜಲಿ ಆಸ್ಪತ್ರೆಯಲ್ಲಿ. ಹೊರಗಿನವರಿಗೆ ಸಾಮಾನ್ಯವಾಗಿ ತೆರೆಯದ ಸೇನಾ ಆಸ್ಪತ್ರೆಯೊಂದು ನಾಗರಿಕರಿಗಾಗಿ ಹಾಸಿಗೆ ಹಾಸಿತು. ಭಟ್ಕಳ ಪೇಟೆಗೆ ಹೊಂದಿಕೊಂಡ ಕಡಲಂಚಿನ ಜಾಲಿಯ ಮನೆಗಳಲ್ಲಿ ಸಮವಸ್ತ್ರದ ವೈದ್ಯ ಎಂಬ ಮಾತಿಗೆ ಅಂದಿನಿಂದ ಒಂದು ಮುಖ ದೊರಕಿತು. ಆದುದರಿಂದ ಈ ಲೇಖನದ ವಿದ್ಯಾರ್ಥಿ ಜಾಲಿಯವನೇ ಎಂದು ಇಟ್ಟುಕೊಳ್ಳೋಣ. ಪಿ.ಯು.ಸಿ. ಮುಗಿಸಿ ಕಾರವಾರಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ವೈದ್ಯಕೀಯ ವ್ಯಾಸಂಗಕ್ಕೆ ಹೋಗಿದ್ದಾನೆ, ಅಲ್ಲಿ ಎನ್.ಸಿ.ಸಿ.ಗೂ ಸೇರಬೇಕೆಂದಿದ್ದಾನೆ.

ಮೊದಲು ಕಾಲದ ಲೆಕ್ಕ. ವೈದ್ಯ ಪದವಿಯ ವ್ಯಾಸಂಗ ನಾಲ್ಕೂವರೆ ವರ್ಷ. ಆಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಮೊದಲ ಹಂತದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ. ಪಾಠ ಹಾಗೂ ಪ್ರಯೋಗಗಳಿಗೆ ದಿನಕ್ಕೆ ಏಳೆಂಟು ಗಂಟೆ ಹೋಗುತ್ತದೆ. ಓದಿಗೆ ನಾಲ್ಕು ಗಂಟೆ, ನಿದ್ರೆಗೆ ಏಳು ಗಂಟೆ, ಸ್ನಾನ, ಊಟ, ಓಡಾಟಕ್ಕೆ ಮೂರು ಗಂಟೆ ಎಂದು ಹಿಡಿದರೆ ಉಳಿಯುವುದು ಎರಡು ಗಂಟೆ. ಇದು ಅಂದಾಜಿನ ಲೆಕ್ಕವೇ ಸರಿ. ಆದರೂ ಮನೆಯಿಂದ ಬರುವ ಫೋನು, ಗೆಳೆಯರ ಹರಟೆ, ಒಂದು ನೆಗಡಿ ಜ್ವರ ಇವೆಲ್ಲವೂ ಆ ಎರಡು ಗಂಟೆಯ ಬೊಕ್ಕಸದಿಂದಲೇ ಭರಿಸಬೇಕಾದ ಖರ್ಚುಗಳು. ಕವಾಯತಿನ ದಿನ ಅದಕ್ಕೆ ಬೆಳಗಿನ ಒಂದು ಒಂದೂವರೆ ಗಂಟೆ ಬೇಕು. ಬೂಟಿಗೆ ಹೊಳಪು, ಸಮವಸ್ತ್ರಕ್ಕೆ ಇಸ್ತ್ರಿ ಎಂದು ಹಿಂದಿನ ರಾತ್ರಿಯ ಅರ್ಧ ಗಂಟೆ ಬೇರೆ.

ಬರಿಯ ಗಂಟೆಗಳ ಪ್ರಶ್ನೆಯಾಗಿದ್ದರೆ ಗಟ್ಟಿಗನಾದ ಹುಡುಗ ಹೇಗೋ ಸರಿದೂಗಿಸಿಯಾನು. ನಿಜವಾದ ಘರ್ಷಣೆ ಇರುವುದು ಹಾಜರಿಯಲ್ಲಿ. 2019ರ ವೈದ್ಯಕೀಯ ಶಿಕ್ಷಣ ನಿಯಮಗಳ ಪ್ರಕಾರ ಪಾಠಗಳಲ್ಲಿ ಶೇಕಡ 75, ಪ್ರಯೋಗ ಹಾಗೂ ರೋಗಿಶಯ್ಯೆಯ ಬಳಿಯ ತರಬೇತಿಯಲ್ಲಿ ಶೇಕಡ 80 ಹಾಜರಿಯಿಲ್ಲದೆ ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ. ಇತ್ತ ಎನ್.ಸಿ.ಸಿ.ಯ 'ಬಿ' ಪ್ರಮಾಣಪತ್ರದ ಪರೀಕ್ಷೆಗೂ ಕವಾಯತುಗಳಲ್ಲಿ ಶೇಕಡ 75 ಹಾಜರಿ ಬೇಕು, ಒಂದು ವಾರ್ಷಿಕ ಶಿಬಿರ ಮುಗಿಸಿರಬೇಕು. 'ಸಿ' ಪ್ರಮಾಣಪತ್ರಕ್ಕೆ ಮೂರನೆಯ ವರ್ಷದ ತರಬೇತಿಯೂ ಇನ್ನೊಂದು ಶಿಬಿರವೂ ಆಗಬೇಕು. ಎರಡು ಕಡೆಯವರೂ ಕೇಳುವುದು ವಿದ್ಯಾರ್ಥಿಯ ಜಾಣತನವನ್ನಲ್ಲ, ಅವನ ದೇಹದ ಉಪಸ್ಥಿತಿಯನ್ನು. ಒಂದೇ ದೇಹವು ಒಂದೇ ಮುಂಜಾನೆ ಮೈದಾನದಲ್ಲಿಯೂ ವಾರ್ಡಿನಲ್ಲಿಯೂ ಇರಲಾರದು.

ತಪ್ಪಿದ ಪಾಠವನ್ನು ಗೆಳೆಯನ ಟಿಪ್ಪಣಿಯಿಂದ ತುಂಬಿಕೊಳ್ಳಬಹುದು. ತಪ್ಪಿದ ಶವಚ್ಛೇದನವನ್ನು ಹಾಗೆ ತುಂಬಿಕೊಳ್ಳಲಾಗದು. ಕೊರಳಿನ ನಾಳಗಳನ್ನು ಬಿಡಿಸಿ ತೋರಿಸುವ ವಾರ ಒಮ್ಮೆ ಕಳೆದರೆ ಆ ದೇಹ ಮತ್ತೆ ಮೊದಲಿನಂತೆ ದೊರೆಯುವುದಿಲ್ಲ. ವಾರ್ಡಿನ ಮಾತೂ ಅಷ್ಟೆ. ಹೃದಯದ ಕವಾಟದ ಮರ್ಮರ ಸ್ವರವುಳ್ಳ ರೋಗಿ ಇಂದು ಹಾಸಿಗೆಯಲ್ಲಿದ್ದಾನೆ. ಹತ್ತು ದಿನದ ಶಿಬಿರ ಮುಗಿಸಿ ಬರುವಷ್ಟರಲ್ಲಿ ಅವನು ಮನೆಗೆ ಹೋಗಿರುತ್ತಾನೆ. ದೆಹಲಿಯ ಗಣರಾಜ್ಯೋತ್ಸವ ಶಿಬಿರವಂತೂ ಜನವರಿಯ ಬಹುಭಾಗವನ್ನು ನುಂಗುತ್ತದೆ. ಅದಕ್ಕೆ ಆಯ್ಕೆಯಾಗಲು ಹಿಂದಿನ ತಿಂಗಳುಗಳಲ್ಲಿ ಒಂದರ ಮೇಲೊಂದು ಪೂರ್ವಭಾವಿ ಶಿಬಿರಗಳು. ರಾಜಪಥವೆಂದು ಕರೆಯುತ್ತಿದ್ದ, 2022ರಿಂದ ಕರ್ತವ್ಯಪಥವೆಂದು ಹೆಸರಾದ ಆ ಹಾದಿಯಲ್ಲಿ ಹೆಜ್ಜೆ ಹಾಕುವುದು ಯಾವ ಶಾಲೆಗೂ ಹೆಮ್ಮೆಯ ಸಂಗತಿ, ವಾರ್ಷಿಕ ಸಂಪುಟದಲ್ಲಿ ಭಾವಚಿತ್ರ ಅಚ್ಚಾಗುವ ಸಂಗತಿ. ಆದರೂ ವಾರ್ಡಿನ ತರಬೇತಿ ಆರಂಭವಾದ ವೈದ್ಯ ವಿದ್ಯಾರ್ಥಿಯನ್ನು ಆ ಸ್ಪರ್ಧೆಗೆ ಹುರಿದುಂಬಿಸುವುದು ಅವನಿಗೆ ಮಾಡುವ ಉಪಕಾರವಲ್ಲವೆಂದು ನಾನು ತಿಳಿಯುತ್ತೇನೆ.

ಈ ವಿಷಯದಲ್ಲಿ ನಮ್ಮ ದೇಶ ಒಮ್ಮೆ ದೊಡ್ಡದೊಂದು ಪ್ರಯೋಗವನ್ನೇ ಮಾಡಿ ನೋಡಿದೆ. ಎನ್.ಸಿ.ಸಿ. 1948ರ ಕಾಯಿದೆಯಿಂದ ಹುಟ್ಟಿದ್ದು, ಸ್ವಇಚ್ಛೆಯ ಸಂಘಟನೆಯಾಗಿ. 1962ರ ಚೀನೀ ಆಕ್ರಮಣದ ಅನಂತರ, 1963ರಲ್ಲಿ ಕಾಲೇಜಿನ ಪದವಿ ತರಗತಿಗಳ ದೇಹದಾರ್ಢ್ಯವುಳ್ಳ ಗಂಡು ವಿದ್ಯಾರ್ಥಿಗಳಿಗೆ ಅದನ್ನು ಕಡ್ಡಾಯ ಮಾಡಿದರು. ಆ ಕಾಲದ ಹಳೆಯ ವಿದ್ಯಾರ್ಥಿಗಳು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಳತೆಗೆ ಹೊಂದದ ಬೂಟುಗಳ ಕತೆಯನ್ನು ಅವರ ಬಾಯಿಂದಲೇ ಕೇಳಬೇಕು. ಸಂಖ್ಯೆ ಏರಿತು, ಅದಕ್ಕೆ ತಕ್ಕಷ್ಟು ಅಧಿಕಾರಿಗಳಾಗಲಿ ಶಿಕ್ಷಕರಾಗಲಿ ಸಲಕರಣೆಗಳಾಗಲಿ ಇರಲಿಲ್ಲ. 1968ರಲ್ಲಿ ಮತ್ತೆ ಸ್ವಇಚ್ಛೆಗೆ ಬಿಟ್ಟರು. ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆ ಬಂದಿತು. ಕಡ್ಡಾಯದ ಐದು ವರ್ಷಗಳಿಂದ ಯುವಕರಲ್ಲಿ ಸ್ವಲ್ಪವಾದರೂ ಶಿಸ್ತು ಮೂಡಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಖ್ಯ ಕಲಿಕೆಯ ಮೇಲೆ ಎರಡನೆಯದೊಂದನ್ನು ಎಲ್ಲರ ತಲೆಗೂ ಸಮನಾಗಿ ಹೊರಿಸಿದರೆ ಎರಡೂ ಸೊರಗುತ್ತವೆ ಎಂಬುದು ಅಲ್ಲಿ ಕಂಡುಬಂದ ಸತ್ಯ.

ಕಡ್ಡಾಯವೂ ಅಲ್ಲದ, ವೈದ್ಯವಿದ್ಯೆಗೆ ಎರಡನೆಯ ಹೊರೆಯೂ ಆಗದ ಇನ್ನೊಂದು ದಾರಿ ಅದೇ ಕಾಲದಲ್ಲಿ ಪುಣೆಯಲ್ಲಿ ತೆರೆದಿತ್ತು. ಅಲ್ಲಿಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1948ರಲ್ಲಿ ಸ್ಥಾಪನೆಯಾದದ್ದು ಆಗಲೇ ವೈದ್ಯರಾಗಿದ್ದ ಸೇನಾಧಿಕಾರಿಗಳಿಗೆ ಮೇಲಿನ ತರಬೇತಿ ಕೊಡಲೆಂದು. ವೈದ್ಯ ಪದವಿಯ ತರಗತಿ ಅಲ್ಲಿ ಆರಂಭವಾದದ್ದು 1962ರ ಆಗಸ್ಟ್ ತಿಂಗಳಲ್ಲಿ. ಹಿಮಾಲಯದ ಗಡಿಯಲ್ಲಿ ಯುದ್ಧ ಸಿಡಿದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಇಂದು ಪ್ರತಿವರ್ಷ ಸುಮಾರು 150 ಮಂದಿ ಅಲ್ಲಿ ಸೇರುತ್ತಾರೆ. ಅವರನ್ನು ವಿದ್ಯಾರ್ಥಿಗಳೆನ್ನುವುದಕ್ಕಿಂತ ಮೆಡಿಕಲ್ ಕೆಡೆಟ್‌ಗಳೆಂದೇ ಕರೆಯುವುದು ವಾಡಿಕೆ. ವಾಸ ಆವರಣದೊಳಗೇ. ಬೆಳಗ್ಗೆ ವ್ಯಾಯಾಮ, ಗೊತ್ತಾದ ದಿನಗಳಲ್ಲಿ ಕವಾಯತು, ಸಂಜೆ ಆಟ, ಉಡುಪಿಗೂ ಊಟದ ಮೇಜಿಗೂ ಕಟ್ಟುನಿಟ್ಟು. ಪದವಿ ಕೊಡುವುದು ಇತರ ಕಾಲೇಜುಗಳಿಗೆ ಕೊಡುವ ವಿಶ್ವವಿದ್ಯಾಲಯವೇ: ಮೊದಲು ಪುಣೆ ವಿಶ್ವವಿದ್ಯಾಲಯ, ಈಗ ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಸಮವಸ್ತ್ರ ತೊಟ್ಟಿದ್ದಾನೆಂದು ಅವನಿಗೆ ಪ್ರಶ್ನಪತ್ರಿಕೆಯಲ್ಲಿ ರಿಯಾಯಿತಿ ಇಲ್ಲ.

ಗಮನಿಸಬೇಕಾದ ಅಂಶ ಇಲ್ಲಿದೆ. ಸೇನೆಯದೇ ಆದ ಈ ಕಾಲೇಜಿನಲ್ಲಿ ಕೂಡ ವ್ಯಾಸಂಗದ ನಾಲ್ಕೂವರೆ ವರ್ಷ ವೈದ್ಯವಿದ್ಯೆಯೇ ಯಜಮಾನ. ಸೈನಿಕ ಶಿಕ್ಷಣವು ದೇಹವನ್ನೂ ದಿನಚರಿಯನ್ನೂ ಹದಗೊಳಿಸುವಷ್ಟಕ್ಕೆ ಸೀಮಿತ. ಸೇನಾ ವೈದ್ಯನಿಗೆ ವಿಶೇಷವಾಗಿ ಬೇಕಾದ ವಿದ್ಯೆಯನ್ನು ಪದವಿಯ ಅನಂತರ, ಲಖನೌ ನಗರದ ಸೇನಾ ವೈದ್ಯದಳದ ಕೇಂದ್ರದಲ್ಲಿ, ಪ್ರತ್ಯೇಕ ಮೂಲ ತರಬೇತಿಯಾಗಿ ಕಲಿಸುತ್ತಾರೆ. ನಕ್ಷೆ ಓದುವುದು, ರಣರಂಗದ ಚಿಕಿತ್ಸಾ ಘಟಕದ ರಚನೆ, ಗಾಯಾಳುಗಳನ್ನು ಯಾರು ಮೊದಲು ಯಾರು ಅನಂತರ ಎಂದು ವಿಂಗಡಿಸಿ ಹಿಂದಕ್ಕೆ ಸಾಗಿಸುವುದು, ಪಾಳೆಯದ ನೀರು ಶೌಚಗಳ ನೈರ್ಮಲ್ಯ, ಸೇನಾ ಕಾನೂನು, ಸಣ್ಣ ಆಯುಧದ ಬಳಕೆ ಮೊದಲಾದವು ಅಲ್ಲಿಯ ಪಾಠಗಳು. ನೈರ್ಮಲ್ಯವೇಕೆ ಎಂದು ಕೇಳುವವರು ಹಿಂದಿನ ಯುದ್ಧಗಳ ಚರಿತ್ರೆಯನ್ನು ನೋಡಬೇಕು: ಗುಂಡಿಗಿಂತ ಭೇದಿ, ವಿಷಮಶೀತ ಜ್ವರಗಳೇ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡ ದಂಡಯಾತ್ರೆಗಳು ಎಷ್ಟೋ ಇವೆ. ಇನ್ನು ಆಯುಧದ ವಿಚಾರ. 1949ರ ಜಿನೀವಾ ಒಡಂಬಡಿಕೆಯಂತೆ ಸೇನಾ ವೈದ್ಯನು ಶಸ್ತ್ರ ಹಿಡಿಯಬಹುದಾದದ್ದು ತನ್ನನ್ನೂ ತನ್ನ ವಶದಲ್ಲಿರುವ ಗಾಯಾಳು ರೋಗಿಗಳನ್ನೂ ಕಾಪಾಡಲಿಕ್ಕೆ ಮಾತ್ರ. ಅಷ್ಟಕ್ಕೆ ಬೇಕಾದ ಬಂದೂಕಿನ ಅಭ್ಯಾಸವನ್ನು ಪದವಿಯ ಮೇಲೆ ಕಲಿತರೂ ತಡವಾಗದು. ಈ ಶಿಕ್ಷಣ ಬರಿಯ ಅಲಂಕಾರವಲ್ಲ ಎಂಬುದಕ್ಕೆ ಪುಣೆಯ ಆ ಕಾಲೇಜಿನ ಕವಾಯತು ಮೈದಾನದ ಹೆಸರೇ ಸಾಕ್ಷಿ. 1994ರಲ್ಲಿ ಕಾಶ್ಮೀರದಲ್ಲಿ ಕರ್ತವ್ಯದಲ್ಲಿದ್ದಾಗ ಮಡಿದು ಕೀರ್ತಿ ಚಕ್ರ ಪಡೆದ ತರುಣ ವೈದ್ಯಾಧಿಕಾರಿ ಕ್ಯಾಪ್ಟನ್ ದೇವಾಶಿಷ್ ಶರ್ಮಾ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ.

ಅಮೆರಿಕ ಬೇರೆ ಕ್ರಮವನ್ನು ಅನುಸರಿಸಿದೆ. ಅಲ್ಲಿ 1972ರ ಶಾಸನದಿಂದ ಸ್ಥಾಪಿತವಾದ ಸೇನಾ ಆರೋಗ್ಯ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಓದುತ್ತಿರುವಾಗಲೇ ಅಧಿಕಾರಿಗಳ ದರ್ಜೆಯಲ್ಲಿರುತ್ತಾರೆ, ಸಂಬಳ ಪಡೆಯುತ್ತಾರೆ, ಕ್ಷೇತ್ರ ಶಿಬಿರಗಳಲ್ಲಿ ಕೃತಕ ಯುದ್ಧದ ನಡುವೆ ಚಿಕಿತ್ಸೆಯ ಅಭ್ಯಾಸ ಮಾಡುತ್ತಾರೆ. ಆದರೆ ಅವರು ಅಲ್ಲಿಗೆ ಬರುವುದೇ ಬೇರೊಂದು ಪದವಿಯನ್ನು ಮುಗಿಸಿ, ಇಪ್ಪತ್ತೆರಡು ದಾಟಿದ ಮೇಲೆ. ಹದಿನೆಂಟರ ನಮ್ಮ ಮಕ್ಕಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಹಾಗಾದರೆ ಕಾರವಾರದಲ್ಲೋ ಹುಬ್ಬಳ್ಳಿಯಲ್ಲೋ ಓದುತ್ತಿರುವ ನಮ್ಮ ಜಾಲಿಯ ವಿದ್ಯಾರ್ಥಿ ಸೇನೆಯ ಆಸೆಯನ್ನು ಬಿಡಬೇಕೆ? ಬೇಕಿಲ್ಲ. ಇದು ನಮ್ಮ ಪಾಲಕರಿಗೆ ಅಷ್ಟಾಗಿ ತಿಳಿಯದ ಸಂಗತಿ: ಯಾವುದೇ ಮಾನ್ಯ ಕಾಲೇಜಿನಲ್ಲಿ ವೈದ್ಯ ಪದವಿ ಪಡೆದು, ಇಂಟರ್ನ್‌ಶಿಪ್ ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾದವರು ಅಲ್ಪಾವಧಿ ಸೇವೆಯ ಅಧಿಕಾರಿಗಳಾಗಿ ಸೇನೆ, ನೌಕಾಪಡೆ, ವಾಯುಪಡೆಗಳ ವೈದ್ಯಸೇವೆಗೆ ಅರ್ಜಿ ಹಾಕಬಹುದು. ಅದಕ್ಕೆ ಎನ್.ಸಿ.ಸಿ. ಪ್ರಮಾಣಪತ್ರ ಅನಿವಾರ್ಯವಲ್ಲ. ಆಯ್ಕೆಯಾದ ಮೇಲೆ ಸೈನಿಕ ಶಿಕ್ಷಣವನ್ನು ಸೇನೆಯೇ ಕೊಡುತ್ತದೆ. ಅಂದಮೇಲೆ ವೈದ್ಯ ವಿದ್ಯಾರ್ಥಿ ಎನ್.ಸಿ.ಸಿ.ಗೆ ಸೇರುವುದಾದರೆ ಅದರ ಮೇಲಿನ ಪ್ರೀತಿಗಾಗಿ ಸೇರಲಿ. ಮುಂದೆ ಸೇನೆಯ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಬೇಡ.

ಪ್ರೀತಿಯಿಂದ ಸೇರಿದವನಿಗೆ ನಾನು ಹೇಳುವುದಿಷ್ಟು. ಮೊದಲ ವರ್ಷದ ವಿಶ್ವವಿದ್ಯಾಲಯ ಪರೀಕ್ಷೆ ಮುಗಿಯುವವರೆಗೆ ವಾರದ ಕವಾಯತನ್ನು ಮಾತ್ರ ಇಟ್ಟುಕೊಳ್ಳಬೇಕು. ಶಿಬಿರವನ್ನು ರಜೆಯ ಹತ್ತು ದಿನಕ್ಕೆ ಹೊಂದಿಸಿಕೊಳ್ಳಬೇಕು. ಹೊಂದದಿದ್ದರೆ ಆ ವರ್ಷ ಶಿಬಿರವನ್ನು ಬಿಡಬೇಕು. ಸೇನಾ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ನೋಡಿ ಕಲಿಯುವ ಶಿಬಿರಗಳು ಎನ್.ಸಿ.ಸಿ.ಯ ವಿದ್ಯಾರ್ಥಿನಿಯರಿಗೆ ಉಂಟು. ಎರಡು ವಿದ್ಯೆಗಳೂ ಒಂದೇ ಸೂರಿನಡಿ ಸಿಕ್ಕುವ ಅಪರೂಪದ ಅವಕಾಶ ಅದು, ಸಿಕ್ಕರೆ ಬಿಡಬಾರದು. ಅಧ್ಯಾಪಕರಿಗೂ ಎನ್.ಸಿ.ಸಿ. ಅಧಿಕಾರಿಗೂ ಇಬ್ಬರಿಗೂ ವರ್ಷದ ಆರಂಭದಲ್ಲಿಯೇ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು ಲೇಸು. ತೊಂದರೆ ಬರುವುದು ಬಹುಮಟ್ಟಿಗೆ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದೆ ಹೋದಾಗ. ಅಂತಿಮ ಹಂತದಲ್ಲಿ ರಾತ್ರಿಪಾಳಿ, ಹೆರಿಗೆ ಕೊಠಡಿ, ಅಪಘಾತ ವಿಭಾಗಗಳು ಶುರುವಾದ ಮೇಲೆ ಕವಾಯತಿಗೆ ಗೌರವದಿಂದ ವಿದಾಯ ಹೇಳುವುದೇ ಸರಿ. ರಾತ್ರಿಯೆಲ್ಲ ಎಚ್ಚರವಿದ್ದವನು ಬೆಳಗ್ಗೆ ಬಿಸಿಲಿನಲ್ಲಿ 'ಸಾವಧಾನ್' ನಿಂತು ಕುಸಿದರೆ ಅದರಿಂದ ಸೇನೆಗೂ ಲಾಭವಿಲ್ಲ, ರೋಗಿಗೂ ಲಾಭವಿಲ್ಲ.

ವೈದ್ಯವಿದ್ಯೆ ಮೊದಲು, ಸೈನಿಕ ವಿದ್ಯೆ ಅದರ ಬೆನ್ನಿಗೆ ಎಂಬ ಈ ಕ್ರಮ ಹೊಸತಲ್ಲ. ಕನ್ನಡವೂ ಮಾತಿನಲ್ಲಿರುವ ಗಡಿಯ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸರು ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತು 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರ ತಂಡದಲ್ಲಿದ್ದರು. ಅವರು ಹೊರಟದ್ದು ನಾಗರಿಕ ವೈದ್ಯರಾಗಿ. ನಡಿಗೆ, ಹಸಿವು, ಗುಡ್ಡದ ಇಕ್ಕೆಲದ ಶಸ್ತ್ರಚಿಕಿತ್ಸೆ ಇವನ್ನೆಲ್ಲ ಕಲಿಸಿದ್ದು ಯುದ್ಧಭೂಮಿಯೇ. 1942ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಇತ್ತೀಚಿನ ನಿದರ್ಶನ ಬೇಕಾದರೆ ಧಾರವಾಡದಲ್ಲಿ ಹುಟ್ಟಿದ ಡಾ. ಮಾಧುರಿ ಕಾನಿಟ್ಕರ್ ಅವರನ್ನು ನೋಡಬಹುದು. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಿಂದ ಹೊರಬಂದು 1982ರಲ್ಲಿ ಸೇನೆಗೆ ಸೇರಿದರು. ಮಕ್ಕಳ ಮೂತ್ರಪಿಂಡ ರೋಗಗಳಲ್ಲಿ ಪರಿಣತರಾದರು. 2020ರಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗೇರಿದರು. 2021ರಲ್ಲಿ, ಆ ಕಾಲೇಜು ಸೇರಿದಂತೆ ಮಹಾರಾಷ್ಟ್ರದ ವೈದ್ಯಕೀಯ ಕಾಲೇಜುಗಳಿಗೆ ಪದವಿ ಕೊಡುವ ನಾಸಿಕದ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ಭುಜದ ಮೇಲೆ ನಕ್ಷತ್ರಗಳು ಬಂದದ್ದು ಸರಿಯೆ; ಅವರ ಕೆಲಸದ ತಳಹದಿ ಮಾತ್ರ ಮಕ್ಕಳ ವಾರ್ಡಿನದು.

ಹೆಣ್ಣುಮಕ್ಕಳ ಮಾತು ಬಂದಾಗ ಒಂದು ಅಸಮಾನತೆಯನ್ನೂ ಹೇಳಲೇಬೇಕು. ಪುಣೆಯ ಆ ಕಾಲೇಜಿನಲ್ಲಿ ಭಾರತೀಯರಿಗೆ ಮೀಸಲಾದ 145 ಸ್ಥಾನಗಳಲ್ಲಿ 115 ಗಂಡುಮಕ್ಕಳಿಗೆ, 30 ಮಾತ್ರ ಹೆಣ್ಣುಮಕ್ಕಳಿಗೆ ಎಂಬ ವಿಭಜನೆ ಬಹುಕಾಲ ನಡೆದುಬಂದಿದೆ. ಅದರ ಫಲವಾಗಿ ಹೆಣ್ಣುಮಗಳು ತನ್ನ ಸಹಪಾಠಿಗಿಂತ ಹೆಚ್ಚು ಅಂಕ ಪಡೆದೂ ಹೊರಗುಳಿಯುವುದುಂಟು. ಇದಕ್ಕೆ ಸಮರ್ಪಕವಾದ ಕಾರಣವನ್ನು ನಾನಂತೂ ಕಾಣೆ. ಬಾಲಕಿಯರಿಗೆಂದೇ ಕಿತ್ತೂರಿನಲ್ಲಿ 1969ರಲ್ಲಿ ಸೈನಿಕ ವಸತಿ ಶಾಲೆ ತೆರೆದ ನಾಡು ನಮ್ಮದು.

ಇನ್ನು ಮುಚ್ಚಳಿಕೆಯ ವಿಚಾರ. ಪುಣೆಯಲ್ಲಿ ಶಿಕ್ಷಣ ಶುಲ್ಕವಿಲ್ಲ; ವಸತಿಯೂ ಊಟವೂ ಸರಕಾರದ್ದೇ. ಪ್ರತಿಯಾಗಿ ಪದವೀಧರನು ಸೇನೆಯಲ್ಲಿ ಸೇವೆ ಸಲ್ಲಿಸುವುದಾಗಿ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕು. ನಡುವೆ ಬಿಟ್ಟುಹೋದರೆ ಲಕ್ಷಗಟ್ಟಲೆ ಹಣ ತೆರಬೇಕು. ಖಾಸಗಿ ಕಾಲೇಜುಗಳ ಶುಲ್ಕಕ್ಕೆ ಹೆದರಿದ ಪಾಲಕರಿಗೆ ಇದು ದೇವರೇ ಕಳಿಸಿದ ಸೀಟಿನಂತೆ ಕಾಣುವುದು ಸಹಜ. ಆದರೆ ಹದಿನೆಂಟು ವರ್ಷದ ಮಗ ಬರೆದುಕೊಡುವ ಆ ಕಾಗದ ಅವನ ಮೂವತ್ತರ ವಯಸ್ಸಿನವರೆಗೂ ಮಾತನಾಡುತ್ತದೆ. ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ಮೇಲಿನ ವ್ಯಾಸಂಗಕ್ಕೆ ತನ್ನ ಸರದಿ ಬರುವವರೆಗೆ ಕಾಯಬೇಕು. ಮನೆಯಲ್ಲಿ ತಾಯಿಗೆ ಕಾಯಿಲೆಯಾದರೆ ರಜೆ ಮಂಜೂರಾಗಬೇಕು. ಇದೆಲ್ಲ ಗೊತ್ತಿದ್ದೂ ಹುಡುಗ ಉತ್ಸಾಹದಿಂದ ಹೊರಟರೆ ಹರಸಿ ಕಳಿಸೋಣ. ಫೀಸಿಲ್ಲವೆಂಬ ಒಂದೇ ಕಾರಣಕ್ಕೆ ತಂದೆ ನೂಕುತ್ತಿದ್ದರೆ ಆ ತಂದೆಯನ್ನು ಶಾಲೆಗೆ ಕರೆಸಿ ಮಾತನಾಡಬೇಕಾದವರು ಮುಖ್ಯೋಪಾಧ್ಯಾಯರು.

ಶಾಲೆಯ ಕೈಯಲ್ಲಿರುವ ಕೆಲಸಗಳು ಇನ್ನೂ ಇವೆ. ದಾನಿಗಳ ಸಹಾಯ ಬೇಕಾಗುವುದೂ ಇಲ್ಲಿಯೇ. ಎನ್.ಸಿ.ಸಿ.ಯ ಕಿರಿಯ ವಿಭಾಗ ಹೈಸ್ಕೂಲಿನ ಮಕ್ಕಳಿಗೆ ಎಂದೇ ಇರುವುದು. ಎರಡು ವರ್ಷದ ತರಬೇತಿ, ಒಂದು ಶಿಬಿರ ಮುಗಿಸಿದರೆ 'ಎ' ಪ್ರಮಾಣಪತ್ರ. ಎಂಟನೆಯ ಒಂಬತ್ತನೆಯ ತರಗತಿಗಳಲ್ಲಿ ಇದು ಮುಗಿದರೆ ಎಸ್.ಎಸ್.ಎಲ್.ಸಿ. ಓದಿಗೂ ಅಡ್ಡಿಯಿಲ್ಲ, ಪಿ.ಯು.ಸಿ.ಯಲ್ಲಿ ನೀಟ್ ಪರೀಕ್ಷೆಯ ಸಿದ್ಧತೆಗೂ ಅಡ್ಡಿಯಿಲ್ಲ. ಸಮವಸ್ತ್ರದ ಬದುಕು ತನಗೆ ಒಗ್ಗುವುದೋ ಇಲ್ಲವೋ ಎಂಬುದು ಹದಿನಾಲ್ಕರ ವಯಸ್ಸಿನಲ್ಲಿಯೇ, ಏನೂ ಕಳೆದುಕೊಳ್ಳದೆ, ಮಗುವಿಗೆ ತಿಳಿದುಬಿಡುತ್ತದೆ. ಓಡಲು ಸಮತಟ್ಟಾದ ಮೈದಾನ ಇರಲಿ. ಕಡಲಂಚಿನ ಮಕ್ಕಳಿಗೆ ಈಜು ಹೇಳಿಕೊಡಬೇಕಾದ ಅಗತ್ಯ ಕಡಿಮೆ ಎಂದು ನಾವು ಭಾವಿಸುತ್ತೇವೆ. ಪೇಟೆಯಲ್ಲಿ ಬೆಳೆದ ಮಕ್ಕಳಲ್ಲಿ ಈಜು ಬಾರದವರೂ ಅನೇಕರಿದ್ದಾರೆ.

ಪುಣೆಗೆ ಹೋಗಬಯಸುವವರಿಗೆ ಕೆಲವು ವಿವರಗಳು. 2016ರಿಂದ ಅಲ್ಲಿಗೂ ನೀಟ್ ಅಂಕಗಳೇ ಮೊದಲ ಜರಡಿ. ಅನಂತರ ಇಂಗ್ಲಿಷ್ ಭಾಷೆ ಹಾಗೂ ತರ್ಕಶಕ್ತಿಯ ಪರೀಕ್ಷೆ, ಸಂದರ್ಶನ, ಆಮೇಲೆ ಕಣ್ಣು, ಕಿವಿ, ಮೂಳೆ, ಎದೆ ಎಲ್ಲವನ್ನೂ ನೋಡುವ ವೈದ್ಯಕೀಯ ತಪಾಸಣೆ. ಪಿ.ಯು.ಸಿ. ವಿಜ್ಞಾನ ವಿಷಯಗಳನ್ನೂ ಇಂಗ್ಲಿಷನ್ನೂ ಮೊದಲ ಪ್ರಯತ್ನದಲ್ಲಿಯೇ ಒಟ್ಟಾಗಿ ತೇರ್ಗಡೆ ಹೊಂದಿರಬೇಕೆಂಬ ನಿಬಂಧನೆಯಿಂದ ಎಡವಿದವರು ಉಂಟು. ಆಯಾ ವರ್ಷದ ಪ್ರಕಟಣೆಯನ್ನು ಓದದೆ ಯಾರೂ ಅರ್ಜಿ ಹಾಕಬಾರದು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಸೋಲುವುದು ಬುದ್ಧಿಯಲ್ಲಲ್ಲ, ಸಂದರ್ಶನದ ಕೊಠಡಿಯ ಇಂಗ್ಲಿಷಿನಲ್ಲಿ. ಒಂದು ಇಂಗ್ಲಿಷ್ ದಿನಪತ್ರಿಕೆ, ವಾರಕ್ಕೆ ಒಂದು ಗಂಟೆ ಅದರ ಮೇಲೆ ಬಾಯಿಬಿಟ್ಟು ಮಾತನಾಡುವ ಅಭ್ಯಾಸ, ಇಷ್ಟನ್ನು ಎಂಟನೆಯ ತರಗತಿಯಿಂದ ನಡೆಸಬಹುದು. ಬಣ್ಣಗಳನ್ನು ಗುರುತಿಸಲಾರದ ದೋಷ ಕೆಲವು ಹುಡುಗರಲ್ಲಿ ಹುಟ್ಟಿನಿಂದಲೇ ಇರುತ್ತದೆ, ಅವರಿಗೇ ಅದರ ಅರಿವಿರುವುದಿಲ್ಲ. ಪುಣೆಯ ತಪಾಸಣೆಯಲ್ಲಿ ಅದು ಮೊದಲ ಬಾರಿಗೆ ಹೊರಬಿದ್ದು, ಎರಡು ವರ್ಷದ ಆಸೆಯನ್ನು ಹೊತ್ತು ಹೋದ ಹುಡುಗ ಬರಿಗೈಯಲ್ಲಿ ಹಿಂದಿರುಗುವ ಬದಲು, ಚುಕ್ಕೆಗಳೊಳಗೆ ಅಂಕಿ ಅಡಗಿಸಿದ ಆ ಚಿಕ್ಕ ಪುಸ್ತಕವನ್ನು ಶಾಲೆಯೇ ತರಿಸಿಕೊಂಡು ಕಣ್ಣಿನ ವೈದ್ಯರೊಬ್ಬರನ್ನು ವರ್ಷಕ್ಕೊಮ್ಮೆ ಬರಮಾಡಿಕೊಂಡರೆ ಒಂಬತ್ತನೆಯ ತರಗತಿಯಲ್ಲಿಯೇ ವಿಷಯ ತಿಳಿಯುತ್ತದೆ. ಆಗ ಅವನು ಬೇರೆ ಕಾಲೇಜಿನ ಹಾದಿಯನ್ನು ಸಮಾಧಾನದಿಂದ ಯೋಚಿಸಿಕೊಳ್ಳಬಹುದು.